ಸೂಜಿ ಮುಟ್ಟದ ಜಾಗ

ಮೊಳಕಾಲ್ಮೂರಿನ ಓಬಕ್ಕ ಮಗ್ಗಕ್ಕೆ ಕೂತಳೆಂದರೆ ಲಾಳಿಯ ಸದ್ದಿಗಿಂತ ಅವಳ ಮಾತೇ ಬೀದಿಗೆ ಕೇಳುತ್ತಿತ್ತು. ಪಕ್ಕದ ಮಗ್ಗದಲ್ಲಿ ಕೂರುವ ಗಂಡ ನಾಗರಾಜಪ್ಪ ಮಾತು ಕಡಿಮೆಯ ಮನುಷ್ಯ. ಅವಳು ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತ ರೇಷ್ಮೆ ಸೀರೆ ನೇಯುವುದೇ ಅವನಿಗೆ ಸುಖ. ಅಂಥ ಓಬಕ್ಕ ಈ ಬೇಸಿಗೆಯಲ್ಲಿ ಮೌನವಾದಳು. ಬಲಗಡೆ ಪಿರ್ರೆಯ ಆಳದಲ್ಲೆಲ್ಲೋ ನೋವು ಹಿಡಿದು ತೊಡೆಯ ಹಿಂಬದಿಗೆ ಇಳಿಯುತ್ತಿತ್ತು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವುದಿರಲಿ, ಊಟವನ್ನೂ ಗೋಡೆಗೆ ಒರಗಿ ನಿಂತೇ ಮಾಡತೊಡಗಿದಳು.

ಚಳ್ಳಕೆರೆಯಲ್ಲಿ ಇಂಥ ನೋವು ನೋಡುವ ರಶ್ಮಿತಾ ಎಂಬ ಡಾಕ್ಟರಮ್ಮ ಇದ್ದಾರೆಂದು ಕೇಳಿ ಗಂಡ ಕರೆದುಕೊಂಡು ಹೋದ. ಅವರು ಬೆರಳಿನಿಂದ ಒತ್ತಿ, ಬಿಗಿದ ಸ್ನಾಯು ಹುಡುಕಿ, ಔಷಧಿಯಿಲ್ಲದ ತೆಳ್ಳನೆಯ ಸೂಜಿ ಚುಚ್ಚಿ ಕಳಿಸಿದರು. ನೋವು ಜಪ್ಪಯ್ಯ ಅನ್ನಲಿಲ್ಲ.

"ಸೂಜಿಗೂ ಬಗ್ಗದ ನೋವು ಯಾವ್ದೈತೆ? ಮಗ್ಗಕ್ಕೆ ಕೂರೋಕೆ ಬ್ಯಾಸರ ಇವಳಿಗೆ," ಎಂದಳು ಪಕ್ಕದ ಮನೆಯಲ್ಲಿದ್ದ ನಾದಿನಿ ಕೆಂಚಕ್ಕ. ಆ ಮಾತು ಓಬಕ್ಕನ ಎದೆಗೆ ನಾಟಿತು. ಇದೆಲ್ಲ ಬರೀ ನನ್ನ ಭ್ರಮೆಯೇ ಇರಬಹುದೇ ಎಂದು ಅವಳಿಗೇ ಅನುಮಾನ ಹುಟ್ಟಿತು.

"ಇನ್ನೊಂದ್ಸಲ ಹೋಗಾನ," ಎಂದ ನಾಗರಾಜಪ್ಪ.

"ಎಲ್ರೂ ನಗ್ತಾರೆ ಕಣಯ್ಯಾ."

"ನಗ್ಲಿ ಬಿಡು. ನೀನು ಸುಳ್ಳು ಹೇಳೋಳಲ್ಲ, ನಂಗೊತ್ತೈತೆ."

ಅವನ ಬಾಯಿಂದ ಅಷ್ಟು ಮಾತು ಬಂದದ್ದೇ ಅಪರೂಪ. ಬಸ್ಸಿನಲ್ಲಿ ಸೀಟು ಖಾಲಿಯಿತ್ತು. ಆದರೂ, ಹೆಂಡತಿಗೆ ಕೂರಲಾಗುವುದಿಲ್ಲವೆಂದು, ಚಳ್ಳಕೆರೆಯವರೆಗೆ ಅವನೂ ಅವಳ ಪಕ್ಕದಲ್ಲಿ ನಿಂತೇ ಬಂದ.

"ಓಬಕ್ಕಾ, ಈ ಸಲ ಸ್ಕ್ಯಾನಿಂಗ್‌ನಲ್ಲಿ ನೋಡ್ಕೊಂಡು ಸೂಜಿ ಹಾಕ್ತೀನಿ," ಎಂದು ರಶ್ಮಿತಾ ಯಂತ್ರವೊಂದನ್ನು ಹತ್ತಿರಕ್ಕೆ ಎಳೆದರು.

"ಸ್ಕ್ಯಾನಿಂಗಾ? ಈ ವಯಸ್ನಾಗೆ ನಾನೇನು ಬಸ್ರಿ ಹೆಂಗ್ಸಾ?"

ನಾಗರಾಜಪ್ಪ ನಾಚಿ ಕಿಟಕಿಯ ಕಡೆ ತಿರುಗಿದ.

ಹೋದ ಸಲ ಸೂಜಿ ಎಲ್ಲಿಗೆ ಹೋಗಿತ್ತೆಂದು ತಿಳಿಯಲು, ಬೋರಲು ಮಲಗಿದ ಓಬಕ್ಕನಿಗೆ ರಶ್ಮಿತಾ ಮೊದಲು ಹಿಂದಿನಂತೆಯೇ ಕೈಯಂದಾಜಿನಲ್ಲಿ ಸೂಜಿ ಇಳಿಸಿದರು. ಆಮೇಲೆ ಪಕ್ಕದಲ್ಲಿ ತಣ್ಣನೆಯ ಜೆಲ್ ಸವರಿ, ಯಂತ್ರದ ಹಿಡಿ ಒತ್ತಿ ಪರದೆ ನೋಡಿದರು. ಪರದೆಯನ್ನು ಅವಳ ಮುಖದತ್ತ ತಿರುಗಿಸಿದರು.

"ನೋಡ್ರಿ, ಈ ಬೆಳ್ಳನೆ ಗೆರೆನೇ ಸೂಜಿ. ಮೇಲಿನ ದಪ್ಪ ಸ್ನಾಯುನಲ್ಲೇ ನಿಂತುಬಿಟ್ಟೈತೆ. ನಿಮಗೆ ನೋವಿರೋದು ಅದರ ಕೆಳಗಡೆ, ಈ ಸಣ್ಣ ಸ್ನಾಯುನಲ್ಲಿ. ಹೋದ ಸಲಾನೂ ಹಿಂಗೇ ಆಗಿರ್ಬೇಕು. ನನ್ನ ಅಂದಾಜು ತಪ್ಪಿತ್ತು."

"ಹಂಗಾದ್ರೆ, ನಾನು ನೋವು ಅಂದಿದ್ದು..."

"ನಿಜಾನೇ. ಸೂಜಿನೇ ಅಲ್ಲಿಗೆ ಮುಟ್ಟಿರ್ಲಿಲ್ಲ."

ಓಬಕ್ಕ ದಿಂಬಿಗೆ ಮುಖ ಒತ್ತಿ ಅತ್ತುಬಿಟ್ಟಳು. ನಾಗರಾಜಪ್ಪ ಬಂದು ಅವಳ ಕೈ ಹಿಡಿದುಕೊಂಡ. ರಶ್ಮಿತಾ ಮೊದಲಿನ ಸೂಜಿ ಕಿತ್ತು, ಇನ್ನೂ ಉದ್ದನೆಯದೊಂದನ್ನು ತೆಗೆದುಕೊಂಡು, ಪರದೆ ನೋಡುತ್ತಲೇ, ನರದ ದಾರಿ ತಪ್ಪಿಸಿ ಮೆಲ್ಲಗೆ ಇಳಿಸಿದರು. ಒಳಗಿನ ಸ್ನಾಯು ಮೀನಿನ ಹಾಗೆ ಮಿಡುಕಿತು.

"ಅಯ್ಯೋ ದೇವುಡೋ! ಅಲ್ಲೇ ಕಣಮ್ಮಾ, ಅದೇ ಜಾಗ!" ಓಬಕ್ಕ ಅಳುತ್ತಲೇ ನಕ್ಕಳು.

ಒಂದೇ ಸಲಕ್ಕೆ ಎಲ್ಲ ಹೋಗಲಿಲ್ಲ. ಇನ್ನೂ ಕೆಲವು ಸಲ ಚಳ್ಳಕೆರೆಗೆ ಓಡಾಡಬೇಕಾಯಿತು, ಮನೆಯಲ್ಲಿ ವ್ಯಾಯಾಮವನ್ನೂ ಮಾಡಬೇಕಾಯಿತು. ಆದರೆ ಮಳೆಗಾಲ ಹಿಡಿಯುವ ಹೊತ್ತಿಗೆ ಅವಳು ಮತ್ತೆ ನೇಯುತ್ತಿದ್ದಳು. ಒಂದೇ ಸಮನೆ ಕೂರಬಾರದೆಂದು ಡಾಕ್ಟರಮ್ಮ ಹೇಳಿದ್ದನ್ನು ಅವಳು ಮರೆತರೂ ನಾಗರಾಜಪ್ಪ ಮರೆಯಲಿಲ್ಲ. ನೇಯ್ಗೆಯ ನಡುವೆ ತಾನೇ ಎದ್ದು ಟೀ ಕಾಸಿ, ಬಾಗಿಲಿಗೆ ಬಂದು, "ಏಳೇ, ಸಾಕು," ಎಂದು ಕರೆಯುತ್ತಾನೆ. "ಇದೊಳ್ಳೆ ಕಾಟ ಆಯ್ತಲ್ಲಯ್ಯ ನಿಂದು," ಎಂದು ಬೈಯುತ್ತಲೇ ಅವಳು ಎದ್ದು ಬರುತ್ತಾಳೆ.