ಎಂಟು ಎಳೆ, ಐದು ಗಂಟು

ಅವರ ಹೆಬ್ಬೆರಳಿನ ಉಗುರಿನಲ್ಲಿ ರೇಷ್ಮೆ ದಾರ ಕೊರೆದ ಸಣ್ಣ ಗೀರಿತ್ತು. ಎಡಗೈಯೋ ಬಲಗೈಯೋ, ಈಗ ಖಾತ್ರಿಯಿಲ್ಲ. ಇಲ್ಲಿ ಬರೆಯುವ ಇನ್ನೂ ಕೆಲವು ವಿವರ ತಪ್ಪಿರಬಹುದು. ಲೆಕ್ಕ ಮಾತ್ರ ತಪ್ಪಿಲ್ಲ, ಅದನ್ನು ಕೇಳಿದ ದಿನವೇ ಡೈರಿಯಲ್ಲಿ ಬರೆದುಕೊಂಡಿದ್ದೆ.

ಕೊಳ್ಳೇಗಾಲದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಅವರು. ಹನೂರಿನಾಚೆಯ ಕ್ರೈಸ್ತರ ಹಳ್ಳಿಯವರು. ಮದುವೆಯಾಗದೆ ತಮ್ಮಂದಿರನ್ನೆಲ್ಲ ದಡ ಸೇರಿಸಿ, ಇಸ್ರೇಲಿನಲ್ಲಿ ಒಬ್ಬ ಯಹೂದಿ ಮುದುಕರನ್ನು ಒಂಬತ್ತು ವರ್ಷ ನೋಡಿಕೊಂಡು ಬಂದಿದ್ದರು. ಬಂದ ಮೇಲೆ ನನ್ನ ಅಮ್ಮನ ಜೊತೆ ಕೂತು ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತಿದ್ದರು.

ಆ ಮುದುಕರ ಪ್ರಾರ್ಥನೆಯ ಶಾಲಿಗೂ ನಾಲ್ಕು ಮೂಲೆಯಲ್ಲಿ ಕುಚ್ಚಿತ್ತಂತೆ. ಅವರ ಭಾಷೆಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ಕುಚ್ಚನ್ನು ಅವರು ಕರೆಯುವ ಹೆಸರಿನ ಅಕ್ಷರಗಳನ್ನು ಕೂಡಿದರೆ ಆರುನೂರು. ಕುಚ್ಚಿನ ಎಳೆ ಎಂಟು, ಗಂಟು ಐದು. ಒಟ್ಟು ಆರುನೂರ ಹದಿಮೂರು. ದೇವರು ಅವರಿಗೆ ವಿಧಿಸಿದ ಕಟ್ಟಳೆಗಳೂ ಅಷ್ಟೇ. ಕುಚ್ಚು ಕಂಡಾಗ ಕಟ್ಟಳೆ ನೆನಪಾಗಬೇಕು.

“ಅವರ್ಗೆ ದೇವ್ರು ಎಣಿಸಿ ಕೊಟ್ಟವ್ನೆ ಕಣವ್ವ. ನಮ್ಮನೇಲಿ ಎಣಿಸ್ದೆ ಕೊಟ್ರು,” ಅನ್ನುತ್ತಿದ್ದರು ಅಕ್ಕ.

ಒಮ್ಮೆ ಅಂಗಡಿಯ ಸೀರೆಗೂ ಐದೈದು ಗಂಟು ಹಾಕಿಬಿಟ್ಟಿದ್ದರು. ಸೀರೆ ವಾಪಸ್ ಬಂತು. ಅದನ್ನು ಬಿಚ್ಚುತ್ತ ಅಮ್ಮ, “ಯಾಕಕ್ಕ, ಸೀರೆ ಉಡೋರ್ಗೆಲ್ಲ ಆ ಮುದುಕಪ್ಪನ ಕಟ್ಟಳೆ ಅಂಟುಸ್ತೀಯಾ?” ಎಂದು ಛೇಡಿಸಿದ್ದಳು.

ಮುದುಕರು ತೀರಿಕೊಂಡಾಗ ಅದೇ ಶಾಲು ಹೊದಿಸಿ, ಒಂದು ಮೂಲೆಯ ಕುಚ್ಚನ್ನು ಕತ್ತರಿಸಿದರಂತೆ. ಸತ್ತವರ ಮೇಲೆ ಇನ್ನು ಯಾವ ಕಟ್ಟಳೆಯೂ ಇಲ್ಲ ಎಂಬುದಕ್ಕೆ.

ಕಳೆದ ಬೇಸಿಗೆಯಲ್ಲಿ ನಾನು ಮೈಸೂರಿನಿಂದ ಬಂದಿದ್ದಾಗ ಅಕ್ಕ ಟ್ರಂಕಿನಿಂದ ಕೆನೆಬಣ್ಣದ ಸೀರೆಯೊಂದನ್ನು ತೆಗೆದರು. ಸೆರಗಿನ ಉದ್ದಕ್ಕೂ ಐದು ಗಂಟಿನ ಕುಚ್ಚುಗಳು. ಕೊನೆಯದನ್ನು ನನ್ನೆದುರೇ ಕತ್ತರಿಸಿದರು.

“ನಾನು ಸತ್ತೋದಾಗ ಇದ ಉಡಿಸಿ ಕಳ್ಸಿ. ಯಾರಾರ ಸರಿಮಾಡಕ್ಕೆ ಬಂದ್ರೆ ಬ್ಯಾಡ ಅನ್ನು. ನಂದು ಮುಗೀತು ಅಂತ ಒಂದ್ ಕಡೆಯಾದ್ರೂ ಇರ್ಲಿ.”

ಹೂಂ ಅಂದೆ. ಅಮ್ಮನಿಗೆ ಹೇಳಲಿಲ್ಲ. ಮರೆತೆನೇ, ಸಾವಿನ ಮಾತು ಬೇಡವೆಂದು ಬಿಟ್ಟೆನೇ, ತಿಳಿಯದು. ಅಕ್ಕ ಹೋದರೆಂದು ಅಮ್ಮ ಫೋನ್ ಮಾಡಿದಾಗಲೂ, ಉಡಿಸುವ ಸೀರೆ ಟ್ರಂಕಿನಲ್ಲಿದೆ ಎಂದಷ್ಟೇ ಹೇಳಿದೆ.

ನಾನು ಬಸ್ಸಿಳಿಯುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಅಳು ಬರಲಿಲ್ಲ. ಅಮ್ಮ ಬಡಿಸಿದ್ದನ್ನು ತಿಂದೆ. ತಟ್ಟೆ ತೊಳೆದಿಟ್ಟೆ. ಅಕ್ಕನಿಗೆ ಸೀರೆ ಉಡಿಸಿದ್ದು ಅಮ್ಮನೇ ಅಂತೆ. ಒಂದು ಕುಚ್ಚು ಕಡಿಮೆಯಿರುವ ಸೀರೆಯನ್ನು ಅಮ್ಮ ಇವತ್ತಿನವರೆಗೆ ಕೈಯಿಂದ ಬಿಟ್ಟವಳಲ್ಲ. ಅವಳ ದಾರದ ಡಬ್ಬಿಯ ಮುಚ್ಚಳ ತೆರೆದಿತ್ತು, ಕೆನೆಬಣ್ಣದ ಉಂಡೆ ಮೇಲೆಯೇ ಇತ್ತು.

ಆಗ ಕೇಳಿದೆ. ಅಮ್ಮ ಡಬ್ಬಿಯ ಮುಚ್ಚಳ ಹಾಕಿದಳು. ಹನ್ನೊಂದು ದಿನವಾಯಿತು, ಇನ್ನೂ ತೆರೆದಿಲ್ಲ.

“ಅಮ್ಮ, ಆ ಕೊನೇ ಕುಚ್ಚು ಕಟ್ಬುಟ್ಯಾ?”