ಬೈಂಡರಣ್ಣನ ಒಂಟಿ ಗೊಂಬೆ

ನಮ್ಮ ಶಾಲೆಯ ಗ್ರಂಥಾಲಯದ ಹರಿದ ಪುಸ್ತಕಗಳಿಗೆಲ್ಲ ಹೊಸ ರಟ್ಟು ಹಾಕಿಕೊಡುತ್ತಿದ್ದವರು ಬೈಂಡರಣ್ಣ. ಊರೆಲ್ಲ ಅವರನ್ನು ಕರೆಯುತ್ತಿದ್ದುದೇ ಹಾಗೆ. ಅವರ ಅಂಗಡಿಯ ಮುಂದಿನ ಕೋಣೆಯಲ್ಲಿ ಅಂಟಿನ ವಾಸನೆ, ಕತ್ತರಿಸಿದ ಕಾಗದದ ಚೂರು. ಒಳಗಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಹಳೆಯ ಮರದ ಗೊಂಬೆಗಳು. ಎಲ್ಲಿ ಹಳೆಯ ಮನೆಯ ಸಾಮಾನು ಹರಾಜಿಗೆ ಬಂದರೂ ಅಂದು ಅವರ ಅಂಗಡಿಗೆ ಬೀಗ. ಕುರ್ಚಿ, ಬೀರು ಕೊಳ್ಳುವವರ ನಡುವೆ ಇವರು ಬಣ್ಣ ಹೋದ ಒಂದು ಗೊಂಬೆಯನ್ನು ಮಗುವಿನಂತೆ ಎತ್ತಿಕೊಂಡು ಬರುತ್ತಿದ್ದರು.

ಅವುಗಳಲ್ಲಿ ಅವರಿಗೆ ಅಚ್ಚುಮೆಚ್ಚಿನದು ಬಲಗೈ ಚಾಚಿ ನಿಂತ ಒಂದು ಹೆಣ್ಣು. ಅವಳ ಅಂಗೈಯಲ್ಲೊಂದು ಸಣ್ಣ ತೂತು. ಜೋಡಿಗೊಂಬೆಯ ಕೈಯಲ್ಲಿರುವ ಮರದ ಮೊಳೆ ಅದರಲ್ಲಿ ಕೂತು, ಇಬ್ಬರೂ ಕೈ ಹಿಡಿದು ನಿಲ್ಲುವಂತೆ ಮಾಡಿದ್ದ ಕೆಲಸ. ಆ ಜೋಡಿ ಎಲ್ಲಿ ಹೋಯಿತೋ! ಹುಡುಕಿ ಹುಡುಕಿ ಬೈಂಡರಣ್ಣನ ತಲೆ ಬೆಳ್ಳಗಾಯಿತು.

"ಮೇಷ್ಟ್ರೇ, ನಮ್ಮ ಹುಡುಗಿಗೆ ಇನ್ನೂ ಗಂಡು ಗೊತ್ತಾಗಿಲ್ಲ. ನಿಮ್ಮ ಕಡೆ ಯಾರಾದ್ರೂ ಇದ್ರೆ ಹೇಳಿ. ಕೈಯಲ್ಲಿ ಮೊಳೆ ಇದ್ರೆ ಸಾಕು, ಬೇರೇನೂ ಕೇಳಲ್ಲ" ಎಂದು ಅವರ ಹೆಂಡತಿ ನಗುತ್ತಿದ್ದರು.

ಒಂದು ಭಾನುವಾರ ಬೈಂಡರಣ್ಣ ನನ್ನನ್ನೂ ಹರಾಜಿಗೆ ಎಳೆದುಕೊಂಡು ಹೋದರು. ಹೆಣ್ಣುಗೊಂಬೆ ಎಂದಿನಂತೆ ಚೀಲದಲ್ಲಿತ್ತು. "ಏನೇ ಕಂಡ್ರೂ ಮುಖ ಗಂಟು ಹಾಕ್ಕೊಂಡಿರಿ ಮೇಷ್ಟ್ರೇ. ಆಸೆ ತೋರಿಸಿದ್ರೋ, ಕೆಲಸ ಕೆಟ್ಟಿತು" ಎಂದು ದಾರಿಯುದ್ದಕ್ಕೂ ನನಗೇ ಪಾಠ. ಒಳಗೆ ಹೋಗಿ ನೋಡಿದರೆ, ಮೇಜಿನ ಮೇಲೆ ತಟ್ಟೆ, ಲಾಟೀನುಗಳ ನಡುವೆ ಎಡಗೈ ಚಾಚಿದ ಗಂಡುಗೊಂಬೆ! ಬೈಂಡರಣ್ಣ ಚೀಲಕ್ಕೆ ಕೈ ಹಾಕಿದರು. ಮೊಳೆ ತೂತಿನೊಳಗೆ ಸದ್ದಿಲ್ಲದೆ ಕೂತಿತು.

"ಸಿಕ್ಕಿದ ಕಣ್ರೀ!" ಎಂದು ಕೂಗಿಯೇಬಿಟ್ಟರು. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಪಕ್ಕದಲ್ಲಿದ್ದ ಹೆಂಗಸೊಬ್ಬರು ಆ ಜೋಡಿಯ ಮೇಲಿಂದ ಕಣ್ಣು ಕೀಳಲಿಲ್ಲ. ಹರಾಜಿಗೆ ಬಂದಿದ್ದ ಸಾಮಾನೆಲ್ಲ ಅವರ ತವರುಮನೆಯದು. ಹರಾಜಿಗಿಟ್ಟವರು ಅವರ ಅಣ್ಣಂದಿರು. "ಇದು ಅಮ್ಮನ ಕಿಟಕೀಲಿ ಇರ್ತಿತ್ತು. ಯಾಕಮ್ಮ ಕೈ ಚಾಚಿದಾನೆ ಅಂತ ಕೇಳ್ತಿದ್ದೆ. ಅಮ್ಮನಿಗೂ ಗೊತ್ತಿರಲಿಲ್ಲ" ಎಂದರು.

ಹರಾಜು ಶುರುವಾಯಿತು. ಗೊಂಬೆಯ ಸರದಿ ಬಂದಾಗ ಬೈಂಡರಣ್ಣ ಕೈ ಎತ್ತಿದರು. ಹಿಂದಿನ ಸಾಲಿನಲ್ಲಿ ಇನ್ನೊಂದು ಕೈ ಎದ್ದಿತು. ಆ ಹೆಂಗಸಿನದೇ. ಮನೆಯವರು ಕೈ ಎತ್ತಿದರೆ ಉಳಿದವರು ಇಳಿಸುವುದು ಅಲ್ಲಿ ಎಲ್ಲರೂ ನಡೆಸಿಕೊಂಡು ಬಂದ ಮರ್ಯಾದೆ. ಬೈಂಡರಣ್ಣ ಒಮ್ಮೆ ನನ್ನ ಮುಖ ನೋಡಿದರು. ಹರಾಜು ಕೂಗುವವನು "ಎರಡು ಸಲ" ಎಂದು ತಡೆದ. ಅವರ ಕೈ ಮೆಲ್ಲನೆ ಇಳಿದು ಮಡಿಲಿನ ಚೀಲವನ್ನು ಹಿಡಿದುಕೊಂಡಿತು.

ಹೊರಗೆ ಬಾಗಿಲ ಬಳಿ ಆಕೆ ಎದುರಾದರು. "ಅಣ್ಣಾ, ನಿಮ್ಮ ಹೆಣ್ಣನ್ನೂ ನನಗೇ ಕೊಟ್ಟುಬಿಡ್ತೀರಾ?"

"ಕೊಡಲ್ಲ ತಾಯಿ. ಹೊಟ್ಟೆ ಉರೀತಿದೆ, ಸುಳ್ಳು ಯಾಕೆ ಹೇಳ್ಲಿ?" ಎಂದು ಹೊರಟೇಬಿಟ್ಟರು. ಸ್ವಲ್ಪ ದೂರ ಹೋದವರು ನಿಂತು, ತಿರುಗಿ ಕೇಳಿದರು: "ಮನೆ ಎಲ್ಲಿ? ಭಾನುವಾರ ಕರ್ಕೊಂಡು ಬರ್ತೀನಿ."

ಅಂದಿನಿಂದ ಭಾನುವಾರ ಬಂತೆಂದರೆ ಅವರ ಹೆಂಡತಿ ಬೀದಿಗೆಲ್ಲ ಕೇಳುವಂತೆ, "ಬೀಗರ ಮನೆಗೆ ಹೊರಟ್ರು ನೋಡಿ!" ಎನ್ನುತ್ತಿದ್ದರು. ಬೀಗರ ಮುನಿಸೂ ಇಲ್ಲದಿರಲಿಲ್ಲ. ಆಕೆ ಗೊಂಬೆಯನ್ನು ಬಿಸಿಲಿಗಿಡುತ್ತಾರೆಂದು ಇವರಿಗೆ. ಇವರು ಹೆಣ್ಣನ್ನು ಬೇಗ ಹೊರಡಿಸುತ್ತಾರೆಂದು ಆಕೆಗೆ.

ಬೈಂಡರಣ್ಣನಿಗೆ ಮಂಡಿನೋವು ಹೆಚ್ಚಾಗಿ ಆ ಹೋಗಿಬರುವಿಕೆ ನಿಂತಿತು. ಕೆಲವು ವಾರ ಕಳೆದಿರಬೇಕು. ನಾನು ಅವರ ಅಂಗಡಿಯಲ್ಲಿ ಕುಳಿತಿದ್ದಾಗ ಆಕೆಯೇ ಹೊಸ್ತಿಲ ಬಳಿ ನಿಂತು ಕೈಚೀಲ ಎತ್ತಿ ತೋರಿಸಿದರು.

"ಅಳಿಯ ಬಂದಿದಾನೆ. ಜಾಗ ಮಾಡಿ."

ಬೈಂಡರಣ್ಣ ಅಂಟು ಮೆತ್ತಿದ ಕೈಯನ್ನು ಒರೆಸಿಕೊಂಡು ಎದ್ದರು. ಜಾಗ ಮಾಡುವ ಕೆಲಸವೇನೂ ಇರಲಿಲ್ಲ. ಒಳಕೋಣೆಯ ಹಲಗೆಯ ಮೇಲೆ, ಹೆಣ್ಣಿನ ಬಲಪಕ್ಕವನ್ನು ಅವರು ಮೊದಲಿನಿಂದಲೂ ಖಾಲಿ ಬಿಟ್ಟಿದ್ದರು.