ದೊಡ್ಡಪ್ಪ ಎತ್ತಿದ ಬೆರಳು

ನಮ್ಮ ದೊಡ್ಡಪ್ಪನನ್ನು ಮಾತಾಡಿಸಲು ಯಾರು ಹೋದರೂ ಮೊದಲು ಎದುರಾಗುತ್ತಿದ್ದುದು ಅವರ ಎಡಗೈಯ ತೋರುಬೆರಳು. ತಲೆ ಎತ್ತುತ್ತಿರಲಿಲ್ಲ, ಬಲಗೈ ಬರೆಯುವುದನ್ನು ನಿಲ್ಲಿಸುತ್ತಿರಲಿಲ್ಲ, ಬೆರಳು ಮಾತ್ರ ಮೇಲೇಳುತ್ತಿತ್ತು. ಒಂದು ನಿಮಿಷ ತಾಳಿ ಎಂದು ಅದರ ಅರ್ಥ. ಆ ನಿಮಿಷ ಮುಗಿಯುವಷ್ಟರಲ್ಲಿ ಹೋದವರಿಗೆ ತಾವು ಏನು ಕೇಳಲು ಬಂದಿದ್ದೆವೆಂಬುದೇ ಮರೆತುಹೋಗುತ್ತಿತ್ತು. ದೊಡ್ಡಮ್ಮ ಅವರಿಗೆ ‘ಒಂದು ನಿಮಿಷದ ಸಾಹೇಬರು’ ಎಂದು ಹೆಸರಿಟ್ಟಿದ್ದರು.

“ಸಾಹೇಬ್ರಿಗೆ ಕಾಫಿ ಕೊಟ್ಟು ಬಾರೇ. ಬೆರಳು ಎತ್ತಿದ್ರೆ ಕಪ್ಪನ್ನ ಆ ಬೆರಳಿಗೇ ನೇತುಹಾಕಿ ಬಾ” ಎಂದು ನನ್ನನ್ನು ಕಳಿಸುತ್ತಿದ್ದರು.

ದೊಡ್ಡಪ್ಪನದು ತೆರಿಗೆ ಲೆಕ್ಕ ಬರೆದುಕೊಡುವ ಕೆಲಸ. ಮನೆಯ ಮುಂದಿನ ಕೋಣೆಯೇ ಕಚೇರಿ. ಬಾಗಿಲು ಸರಿಯಾಗಿ ಮುಚ್ಚದ ಒಂದು ಕಬ್ಬಿಣದ ಬೀರು, ಕಾಗದ ಕಚ್ಚಿಕೊಂಡರೆ ಬಡಿದೇ ಬಿಡಿಸಬೇಕಾದ ಪ್ರಿಂಟರು, ಬಂದವರಿಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಕಿಟಕಿಯ ಪಕ್ಕದ ಬೆತ್ತದ ಕುರ್ಚಿ ಮಾತ್ರ ದೊಡ್ಡಮ್ಮನದು. ಮಧ್ಯಾಹ್ನ ಅಡುಗೆಮನೆ ಮುಗಿಸಿ ಬಂದು ಅಲ್ಲಿ ಕೂತು ಲಕೋಟೆ ಅಂಟಿಸುತ್ತಿದ್ದರು. ಬಿಸಿಲು ಅಲ್ಲಿಗೆ ಬಂದಾಗ ತಾವೇ ಎದ್ದು ಪರದೆ ಎಳೆದುಕೊಳ್ಳುತ್ತಿದ್ದರು. ಅದಕ್ಕೆ ಗಂಡನನ್ನು ಕರೆದು ಪ್ರಯೋಜನವಿಲ್ಲವೆಂದು ಮದುವೆಯಾದ ಹೊಸದರಲ್ಲೇ ಅವರಿಗೆ ತಿಳಿದಿತ್ತು.

ಬರುವವರೆಲ್ಲ ಕಟ್ಟಡದ ಕೆಲಸದವರು. ಕಂಟ್ರಾಕ್ಟರುಗಳು, ಮೇಸ್ತ್ರಿಗಳು, ಅವರ ಕೈಕೆಳಗೆ ದುಡಿಯುವ ಬಣ್ಣದವರು, ಟೈಲ್ಸ್ ಹಾಕುವವರು, ವೈರಿಂಗಿನವರು. ಹೊಸ ವರ್ಷ ಹುಟ್ಟಿದ ಕೂಡಲೇ ಪ್ರತಿ ಕಂಟ್ರಾಕ್ಟರೂ ಹಿಂದಿನ ವರ್ಷ ಯಾವ ಕೆಲಸಗಾರನಿಗೆ ಎಷ್ಟು ಕೊಟ್ಟೆನೆಂದು ತೆರಿಗೆ ಕಚೇರಿಗೆ ವರದಿ ಕಳಿಸಬೇಕು, ಒಂದು ಪ್ರತಿಯನ್ನು ಕೆಲಸಗಾರನಿಗೂ ಕೊಡಬೇಕು. ಆ ಪ್ರತಿ ಇಲ್ಲದಿದ್ದರೆ ಅವನಿಗೆ ಸಾಲವೂ ಹುಟ್ಟದು, ಬಾಡಿಗೆ ಮನೆಯೂ ಸಿಗದು. ಈ ವರದಿಗಳಲ್ಲಿ ದೊಡ್ಡಪ್ಪ ಎತ್ತಿದ ಕೈ. ಜನವರಿ ತಿಂಗಳಲ್ಲಿ ಅವರ ಮುಖ ಕಾಣಬೇಕಾದರೆ ಪುಣ್ಯ ಮಾಡಿರಬೇಕು.

ಒಮ್ಮೆ ಒಬ್ಬ ಕಂಟ್ರಾಕ್ಟರು ಚಪ್ಪಲಿ ಡಬ್ಬಿಯ ತುಂಬ ಚೀಟಿ ತುಂಬಿಕೊಂಡು ಬಂದ. ಒಂದೊಂದರ ಮೇಲೂ ‘ಉದ್ದನಿಗೆ ಕೊಟ್ಟಿದ್ದು’ ಎಂದು ಗೀಚಿತ್ತು.

“ಯಾರ್ರೀ ಇದು ಉದ್ದ?”

“ನಮ್ಮ ಬಣ್ಣದವ್ನು ಸಾರ್. ಏಣಿ ಇಲ್ದೆ ತಾರಸಿ ಬಳೀತಾನೆ. ಎಲ್ರೂ ಉದ್ದ ಅಂತಾನೇ ಕರೆಯೋದು.”

“ಪೂರ್ತಿ ಹೆಸರು ಬೇಕು ಕಣಯ್ಯ. ತೆರಿಗೆ ಕಚೇರಿಗೆ ಉದ್ದ ಅಂತ ಬರೆದ್ರೆ ಅಗಲ ಎಷ್ಟು ಅಂತ ಕೇಳ್ತಾರೆ.”

ದೊಡ್ಡಮ್ಮ ನಕ್ಕು ನಕ್ಕು ಲಕೋಟೆಗಳನ್ನು ಕೆಳಗೆ ಬೀಳಿಸಿದರು. ಆ ಉದ್ದನೂ ಮುಂದೆ ದೊಡ್ಡಪ್ಪನ ಗಿರಾಕಿಯಾದ. ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರುತ್ತಿದ್ದ.

ಊರಿಗೆಲ್ಲ ಗಡುವಿನ ಪಾಠ ಹೇಳುತ್ತಿದ್ದ ಈ ಮನುಷ್ಯ ತಮ್ಮ ಗಡುವನ್ನು ಮಾತ್ರ ಕೊನೆಯ ವಾರದವರೆಗೆ ಎಳೆಯುತ್ತಿದ್ದರು. ದೀಪದ ಬುಡದಲ್ಲೇ ಕತ್ತಲೆ. ತೆರಿಗೆ ಲೆಕ್ಕ ಬರೆಯುವವರು ಪ್ರತಿ ವರ್ಷ ಇಂತಿಷ್ಟು ಗಂಟೆ ತರಗತಿ ಕೇಳಬೇಕು. ಡಿಸೆಂಬರ್ ಮುಗಿಯುವುದರೊಳಗೆ ಗಂಟೆಗಳು ತುಂಬದಿದ್ದರೆ ಲೈಸೆನ್ಸ್ ಹೋಯಿತು, ಜನವರಿಯಲ್ಲಿ ಒಂದೇ ಒಂದು ವರದಿ ಕಳಿಸುವ ಹಾಗಿಲ್ಲ. ಮೊದಲೆಲ್ಲ ಇದು ಯಾವುದೋ ಸಭಾಂಗಣದಲ್ಲಿ ನಡೆಯುತ್ತಿತ್ತು, ಹಿಂದಿನ ಸಾಲಿನಲ್ಲಿ ಕೂತು ನಿದ್ದೆ ಹೊಡೆದು ಬರಬಹುದಿತ್ತು. ಆಮೇಲೆ ಕಂಪ್ಯೂಟರಿಗೆ ಬಂತು. ಕಂಪ್ಯೂಟರು ನಿದ್ದೆ ಹೊಡೆಯಲು ಬಿಡುವುದಿಲ್ಲ. ಪಾಠ ನಡೆಯುತ್ತಿರುವಾಗ ಇದ್ದಕ್ಕಿದ್ದಂತೆ ಪರದೆಯ ಮೇಲೆ ಒಂದು ಚೌಕ ಮೂಡಿ, ‘ನೀವು ಇದ್ದೀರಾ?’ ಎಂದು ಕೇಳುತ್ತದೆ. ಕೆಳಗೆ ‘ಇದ್ದೇನೆ’ ಎಂಬ ಗುಂಡಿ. ಚೌಕ ಮಾಯವಾಗುವುದರೊಳಗೆ ಒತ್ತಬೇಕು, ಇಲ್ಲವಾದರೆ ಅಲ್ಲಿಯವರೆಗೆ ಕೇಳಿದ್ದೆಲ್ಲ ನೀರಿನಲ್ಲಿ ಹೋಮ.

“ಮೊನ್ನೆ ಮೊನ್ನೆ ಹುಟ್ಟಿದ ಹುಡುಗರು ನನಗೆ ವರದಿ ಬರೆಯೋದು ಕಲಿಸ್ತಾರೆ. ಅದೂ ಅಲ್ದೆ ನಾನು ಇದ್ದೀನಾ ಸತ್ತಿದ್ದೀನಾ ಅಂತ ಬೇರೆ ವಿಚಾರಿಸ್ಕೋತಾರೆ” ಎಂದು ದೊಡ್ಡಪ್ಪ ಉರಿದುಬೀಳುತ್ತಿದ್ದರು.

“ಬೆಂಕಿ ಬಿದ್ದಾಗ ಬಾವಿ ತೋಡೋರಿಗೆ ಹಾಗೇ ಆಗ್ಬೇಕು. ಮನೆಗೆ ಮಾರಿ, ಊರಿಗೆ ಉಪಕಾರಿ!” ಇದು ದೊಡ್ಡಮ್ಮನ ಉತ್ತರ.

ಆ ವರ್ಷ ಡಿಸೆಂಬರಿನಲ್ಲಿ ದೊಡ್ಡಮ್ಮನಿಗೆ ಉಸಿರು ಕಟ್ಟತೊಡಗಿತು. ಹೃದಯ ಸೋತಿದೆ, ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದು ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಮಕ್ಕಳಿಲ್ಲದ ಮನೆ. ತಮ್ಮನ ಮಗಳಾದ ನಾನು ಔಷಧಿ ಅಂಗಡಿಯ ಕೆಲಸಕ್ಕೆ ರಜೆ ಹಾಕಿ ಹೋದೆ. ನೀರು ಇಳಿಯುತ್ತಿದೆ, ವಾರದೊಳಗೆ ಮನೆಗೆ ಕಳಿಸುತ್ತೇವೆ ಎಂದು ವೈದ್ಯರು ಹೇಳಿದಾಗ ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಆದರೆ ಆ ಹೊತ್ತಿಗೆ ವರ್ಷವೂ ಮುಗಿಯುತ್ತ ಬಂದಿತ್ತು. ದೊಡ್ಡಪ್ಪ ಒಂದು ಗಂಟೆಯ ತರಗತಿಯನ್ನೂ ಕೇಳಿರಲಿಲ್ಲ.

“ಈ ಸಲ ಹಾಳಾಗಿ ಹೋಗ್ಲಿ ಬಿಡು” ಎಂದರು ಹೆಂಡತಿಗೆ.

“ಹಾಳಾದ್ರೆ ಆಸ್ಪತ್ರೆ ಬಿಲ್ಲು ಯಾರು ಕಟ್ತಾರೆ? ಉದ್ದನ ಕಾಗದ ಯಾರು ಮಾಡ್ತಾರೆ? ಆ ಡಬ್ಬಾನ ಇಲ್ಲಿಗೇ ತನ್ನಿ. ಆ ಪಾಠ ಕೇಳಿದ್ರೆ ನನಗೂ ಒಳ್ಳೆ ನಿದ್ದೆ ಬರುತ್ತೆ.”

ಹೀಗೆ ಲ್ಯಾಪ್‌ಟಾಪು ಆಸ್ಪತ್ರೆಗೆ ಬಂತು. ಮಂಚದ ಪಕ್ಕದ ಸ್ಟೂಲಿನ ಮೇಲೆ ದೊಡ್ಡಪ್ಪ, ತೊಡೆಯ ಮೇಲೆ ಕಂಪ್ಯೂಟರು, ಕಿವಿಗಳಲ್ಲಿ ವೈರು. ಮೂರು ದಿನ ಕೂತು ಬಹುಪಾಲು ಮುಗಿಸಿದರು. ನಾಲ್ಕನೆಯ ದಿನ ಮಧ್ಯಾಹ್ನ ಕೆಲಸಗಾರರಿಗೆ ಕೊಟ್ಟ ಹಣದ ವರದಿಯ ಪಾಠ ನಡೆಯುತ್ತಿತ್ತು. ದೊಡ್ಡಪ್ಪನಿಗೆ ಕಣ್ಣುಮುಚ್ಚಿ ಒಪ್ಪಿಸಲು ಬರುವ ಪಾಠ ಅದು. ನಾನು ಕೆಳಗೆ ಹೋಗಿದ್ದೆ. ಮೇಲೆ ಬರುವಾಗ ದಾದಿ ಓಡುತ್ತಿದ್ದಳು. ಮಂಚದ ಸುತ್ತ ಜನ ನಿಂತಿದ್ದರು. ದೊಡ್ಡಪ್ಪ ಗೋಡೆಗೆ ಒತ್ತಿ ನಿಂತಿದ್ದರು, ಒಂದು ಕಿವಿಯಲ್ಲಿ ವೈರು ಇನ್ನೂ ಹಾಗೇ ಇತ್ತು.

ದೊಡ್ಡಮ್ಮ ನಿದ್ದೆಯಲ್ಲೇ ಹೋಗಿದ್ದರು. ದಾದಿ ಮಾತ್ರೆ ಕೊಡಲು ಬಂದು ಮುಟ್ಟಿ ನೋಡುವವರೆಗೆ ಯಾರಿಗೂ ಗೊತ್ತಾಗಿರಲಿಲ್ಲ. ಆಗಲೇ ಸ್ವಲ್ಪ ಹೊತ್ತಾಗಿದೆ ಎಂದರು ವೈದ್ಯರು. ಹಾಗಾದರೆ ದೊಡ್ಡಮ್ಮ ಹೋದ ಮೇಲೂ ದೊಡ್ಡಪ್ಪ ಒಂದು ಸಲವಾದರೂ ‘ಇದ್ದೇನೆ’ ಎಂದು ಒತ್ತಿದ್ದಾರೆ. ಈ ಲೆಕ್ಕ ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ. ದೊಡ್ಡಪ್ಪನಿಗೆ ಆ ಕ್ಷಣವೇ ಹೊಳೆದಿತ್ತು.

ತರಗತಿಯೇನೋ ಪೂರ್ತಿಯಾಯಿತು, ಲೈಸೆನ್ಸೂ ಉಳಿಯಿತು. ಜನವರಿಯಲ್ಲಿ ದೊಡ್ಡಪ್ಪ ಒಬ್ಬರ ವರದಿಯನ್ನೂ ತಪ್ಪಿಸಲಿಲ್ಲ. ಲಕೋಟೆಗಳನ್ನು ನಾನು ಅಂಟಿಸಿದೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು. ಕೆಲಸ ಇರುವಷ್ಟು ದಿನ ಮನುಷ್ಯ ನೆಟ್ಟಗೇ ಇದ್ದರು. ಕೆಲಸ ಮುಗಿದ ಮೇಲೆ ಒಂದೇ ಮಾತು ಹಿಡಿದುಕೊಂಡರು.

“ಅವಳು ಏನೋ ಹೇಳಿದಳು ಕಣೇ. ತುಟಿ ಅಲ್ಲಾಡಿದ್ದು ಕಾಣಿಸ್ತು. ಚೌಕ ಬರೋ ಹೊತ್ತು ಅಂತ ಬೆರಳು ತೋರಿಸಿದೆ. ಏನು ಹೇಳಿರಬಹುದು?”

“ಏನೂ ಇರಲ್ಲ ಬಿಡಿ ದೊಡ್ಡಪ್ಪ.”

“ಹೋಗ್ತೀನಿ ಅಂದಳೋ ಏನೋ.”

ಊಟಕ್ಕೆ ಕೂತರೂ ಇದೇ, ಮಲಗಲು ಹೋದರೂ ಇದೇ. ನನಗೂ ತಾಳ್ಮೆ ಕಡಿಮೆ. ಎರಡು ಸಲ ರೇಗಿಬಿಟ್ಟೆ. ಒಂದು ಮನೆಯಲ್ಲಿ ಇಷ್ಟು ವರ್ಷ ಆಡಿದ ಮಾತುಗಳನ್ನೆಲ್ಲ ಬಿಟ್ಟು, ಕೇಳಿಸದೆ ಹೋದ ಒಂದು ಮಾತಿಗೆ ಜೋತುಬಿದ್ದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಬೇಸಿಗೆಯಲ್ಲಿ ಒಂದು ದಿನ ನಮ್ಮ ಔಷಧಿ ಅಂಗಡಿಗೆ ಕೋಲು ಊರಿಕೊಂಡು ಒಬ್ಬ ಹೆಂಗಸು ಬಂದರು. ಆಸ್ಪತ್ರೆಯಲ್ಲಿ ದೊಡ್ಡಮ್ಮನ ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡು ಮಲಗಿದ್ದವರು. ನನ್ನ ಗುರುತು ಹಿಡಿದು ಕಣ್ಣಲ್ಲಿ ನೀರು ತಂದುಕೊಂಡರು. ದೊಡ್ಡಮ್ಮ ಕೊನೆಗೆ ಏನು ಹೇಳಿದರೆಂದು ನಾನು ಕೇಳಿಯೇಬಿಟ್ಟೆ.

“ಏನಿಲ್ಲಮ್ಮ. ‘ಬಿಸಿಲು ಕಣ್ಣಿಗೆ ಹೊಡೀತಿದೆ, ಪರದೆ ಸ್ವಲ್ಪ ಎಳೀರಿ’ ಅಂದ್ರು. ಅವರು ಬೆರಳು ತೋರಿಸಿದ್ರು. ‘ಸಾಹೇಬ್ರು ಬ್ಯುಸಿ’ ಅಂತ ನನ್ನ ಕಡೆ ನೋಡಿ ನಕ್ಕು, ಮುಖ ಗೋಡೆ ಕಡೆ ತಿರುಗಿಸ್ಕೊಂಡ್ರು. ನಾನೇ ಎಳೀತಿದ್ದೆ. ಕಾಲಿಗೆ ತೂಕ ಕಟ್ಟಿದ್ರಲ್ಲ, ಏಳೋ ಹಾಗಿರಲಿಲ್ಲ.”

ನನಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಹೋಗುತ್ತೇನೆ ಎಂದಿರಲಿಲ್ಲ, ದೂರಿರಲಿಲ್ಲ, ನಗುತ್ತಲೇ ಇದ್ದರು. ಸಂಜೆ ಓಡಿಹೋಗಿ ದೊಡ್ಡಪ್ಪನಿಗೆ ಹೇಳಿದೆ, ಸಮಾಧಾನವಾಗಲಿ ಎಂದು.



“ಅಷ್ಟೇನಾ?” ಎಂದರು. “ದೊಡ್ಡದೇನಾದರೂ ಕೇಳಿದ್ದಿದ್ದರೆ ನನ್ನ ಕೈಲಿ ಆಗ್ತಿರಲಿಲ್ಲ ಅಂತ ಅಂದ್ಕೋಬಹುದಿತ್ತು. ಇದು ಆಗ್ತಿತ್ತಲ್ಲೇ.”

ಗಾಯದ ಮೇಲೆ ನಾನೇ ಬರೆ ಎಳೆದಿದ್ದೆ. ಅಂದಿನಿಂದ ಆ ಪ್ರಶ್ನೆ ಕೇಳುವುದು ನಿಂತಿತು. ಮಾತೂ ಹೆಚ್ಚುಕಡಿಮೆ ನಿಂತಿತು. ಗಿರಾಕಿಗಳು ಬಂದರೆ ಬೆರಳು ಎತ್ತುತ್ತಿರಲಿಲ್ಲ, ಪೆನ್ನು ಕೆಳಗಿಟ್ಟು ಮುಖ ನೋಡುತ್ತ ಕೂರುತ್ತಿದ್ದರು. ಬಂದವರಿಗೆ ಅದೇ ಮುಜುಗರವಾಗುತ್ತಿತ್ತು.

ಮತ್ತೆ ಡಿಸೆಂಬರ್ ಬಂತು. ಉದ್ದ ಮನೆ ಸಾಲಕ್ಕೆ ಅರ್ಜಿ ಹಾಕಿದ್ದ. ಸಲ ಸಲಕ್ಕೂ ಬಾಗಿಲಲ್ಲಿ ತಲೆ ತಗ್ಗಿಸಿ ಇಣುಕಿ, “ಈ ಸಲಾನೂ ನೀವೇ ಮಾಡ್ಕೊಡ್ಬೇಕು ಸಾರ್” ಎಂದು ಹೇಳಿ ಹೋಗುತ್ತಿದ್ದ. ನಾನು ಕೂತು, ಕಾಡಿ ಬೇಡಿ, ಬೈದು, ದೊಡ್ಡಪ್ಪ ಒಂದೊಂದೇ ತರಗತಿ ಮುಗಿಸುವಂತೆ ಮಾಡಿದೆ. ವರ್ಷದ ಕೊನೆಯ ದಿನಕ್ಕೆ ಒಂದೇ ಪಾಠ ಉಳಿದಿತ್ತು, ಅದೇ ವರದಿಯ ಪಾಠ. ಇದೊಂದು ದಾಟಿದರೆ ಲೈಸೆನ್ಸ್ ಉಳಿದಂತೆ, ಮನುಷ್ಯನಿಗೆ ಜನವರಿಯ ಕೆಲಸವಾದರೂ ಇರುತ್ತದೆ, ಕೆಲಸವಿದ್ದರೆ ಮನುಷ್ಯನೂ ಉಳಿಯುತ್ತಾರೆ ಎಂಬುದು ನನ್ನ ಆಸೆ.

ಮಧ್ಯಾಹ್ನ ಮುಂದಿನ ಕೋಣೆಯಲ್ಲಿ ಇಬ್ಬರೂ ಕೂತಿದ್ದೆವು. ದೊಡ್ಡಪ್ಪ ಕಿವಿಗೆ ವೈರು ಹಾಕಿಕೊಳ್ಳುತ್ತಿರಲಿಲ್ಲ, ಪಾಠ ಕೋಣೆಗೆಲ್ಲ ಕೇಳುತ್ತಿತ್ತು. ಪಾಠ ಇನ್ನೇನು ಮುಗಿಯಬೇಕು. ಬಿಸಿಲು ಕಿಟಕಿ ದಾಟಿ ಒಳಗೆ ಬಂದು ಬೆತ್ತದ ಕುರ್ಚಿಯ ಬೆನ್ನನ್ನು ಮುಟ್ಟಿತು. ಅದೇ ಹೊತ್ತಿಗೆ ಚೌಕ ಮೂಡಿತು. ನೀವು ಇದ್ದೀರಾ?

ದೊಡ್ಡಪ್ಪನ ಕಣ್ಣು ಕುರ್ಚಿಯ ಮೇಲಿತ್ತು.

“ದೊಡ್ಡಪ್ಪ, ಬಂತು. ಒತ್ತಿ!”

ಅವರು ಎಡಗೈ ತೋರುಬೆರಳು ಎತ್ತಿದರು. ಬೇಸಿಗೆಯಿಂದ ಎತ್ತಿರದ ಬೆರಳು. ನನಗೆ ತೋರಿಸಿದ್ದಲ್ಲ, ಕಂಪ್ಯೂಟರಿಗೆ ತೋರಿಸಿದರು. ಮಂಡಿಯ ಮೇಲೆ ಕೈಯೂರಿ ಎದ್ದು, ಕಿಟಕಿಯ ಹತ್ತಿರ ಹೋಗಿ, ಪರದೆಯನ್ನು ಈ ತುದಿಯಿಂದ ಆ ತುದಿಯವರೆಗೆ ಎಳೆದರು. ಎಲ್ಲೋ ಸಣ್ಣ ಸಂದು ಉಳಿದಿತ್ತು, ಅದನ್ನೂ ಸರಿಮಾಡಿದರು. ನಾನು ಕೈಚಾಚಿ ಒತ್ತಬಹುದಿತ್ತು, ಹತ್ತಿರವೇ ಇದ್ದೆ. ಕೈ ಬರಲಿಲ್ಲ. ಪಾಠ ಹೇಳುತ್ತಿದ್ದ ದನಿ ಅರ್ಧಕ್ಕೇ ನಿಂತಿತು.

“ಈಗ ಸರಿಯಾಯ್ತು” ಎಂದರು, ಕುರ್ಚಿಯ ಕಡೆ ನೋಡಿ.

ಆ ಪಾಠಕ್ಕೆ ಮತ್ತೆ ಕೂರಲು ಒಪ್ಪಲಿಲ್ಲ, ಲೈಸೆನ್ಸ್ ಹೋಯಿತು. ಜನವರಿಯಲ್ಲಿ ಉದ್ದ ಬಂದಾಗ ನಾನೇ ಬಾಗಿಲಲ್ಲಿ ನಿಂತು, ಆಚೆ ಬೀದಿಯಲ್ಲಿ ಲೆಕ್ಕ ಬರೆಯುವ ಇನ್ನೊಬ್ಬರ ವಿಳಾಸ ಬರೆದುಕೊಟ್ಟೆ. ಅವನು ತಲೆ ತಗ್ಗಿಸಿ ಒಳಗೆ ಇಣುಕಿದ. ಕೋಣೆ ಅರೆಗತ್ತಲಾಗಿತ್ತು. ದೊಡ್ಡಪ್ಪ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಕಿಟಕಿಗೆ ಮುಖ ಮಾಡಿ, ಪರದೆಯ ಅಂಚನ್ನು ಹಿಡಿದು ಕೂತಿದ್ದರು.

“ಸಾರ್ ಇದ್ದಾರಾ ಅಕ್ಕಾ?” ಎಂದು ಅವನು ಮೆಲ್ಲಗೆ ಕೇಳಿದ.

ನಾನು ಬಾಗಿಲನ್ನು ಸ್ವಲ್ಪ ಮುಂದೆ ಎಳೆದುಕೊಂಡೆ.